ಮೊದಲ ರುಚಿ ಹಿರಿಯರದು

ಅಮರಗೋಳದ ಮೆಣಸಿನಕಾಯಿ ವ್ಯಾಪಾರಿ ಕುಬೇರಪ್ಪ ಹುಟ್ಟಿದಾಗಿನಿಂದ ಹೆಂಡದ ಹನಿ ಮುಟ್ಟಿದವನಲ್ಲ. ಆದರೂ ಧಾರವಾಡದ ಹಾಸ್ಟೆಲಿಗೆ ಹೊರಟ ಮಗಳು ಸೌಮ್ಯಾ ಹೊರಗೆ ಕುಡಿದು ಕೆಡುವ ಬದಲು ಮನೆಯಲ್ಲೇ ರುಚಿ ನೋಡಿ ಥೂ ಅನ್ನಲಿ ಎಂದು ಒಂದು ಬಾಟಲಿ ತಂದ. ಹೊಸದೇನು ಬಂದರೂ ಆ ಮನೆಯಲ್ಲಿ ವಿಭೂತಿ ಹಚ್ಚಿ ದೇವರ ಮುಂದಿಡಬೇಕು, ಮೊದಲು ಹಿರಿಯರೇ ರುಚಿ ನೋಡಬೇಕು. ಬಾಟಲಿಗೂ ವಿಭೂತಿ ಬಿತ್ತು.

ಜಪ ಮುಗಿಸಿ ಬಂದ ಅವನವ್ವ ಬಾಳವ್ವ, ಅಂಗೈಯಲ್ಲಿ ತೀರ್ಥದಂತೆ ಹಿಡಿದು ಹೀರಿ, ಮುಖ ಸಿಂಡರಿಸಿದಳು.

"ನೋಡವಾ ಸೌಮ್ಯಾ, ಎಷ್ಟು ಕೆಟ್ಟದೈತಿ!" ಎಂದು ಕುಬೇರಪ್ಪ ಹಿಗ್ಗಿದ.

"ಕೆಟ್ಟದ ಐತಿ. ನೀರ ಬೆರಸ್ಯಾರ," ಅಂದಳು ಬಾಳವ್ವ.

ಸೌಮ್ಯಾ ಬಾಟಲಿ ಮೂಸಿದಳು. "ಖರೇ ಅಜ್ಜಿ. ಅಪ್ಪಾಗ ಇದೆಲ್ಲಾ ತಿಳಿಯೂದಿಲ್ಲ. ಮುಂದಿನ ಸಲ ನಾವಿಬ್ಬರೂ ಹೋಗಿ ತರೋಣು."