ಮುತ್ತು ಪೋಣಿಸುವ ಗಂಟು

ಹಡಗು ಮುಗಿದ ದಿನ ನಮ್ಮ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಊಟದ ಮೇಜನ್ನು ಸುತ್ತತೊಡಗಿದರು. ಮಗಳು ಹುಟ್ಟಿದಾಗಲೂ ಆ ಮುಖದಲ್ಲಿ ಇಷ್ಟು ಕಳೆ ಇರಲಿಲ್ಲ. ಮೇಜಿನ ಮೇಲೆ ಎರಡು ಹಾಯಿಕಂಬಗಳ ಮರದ ಹಡಗು, ಮೊಳಕ್ಕಿಂತ ತುಸು ಉದ್ದ, ಹಾಯಿಗಳನ್ನೆಲ್ಲ ಬಿಚ್ಚಿಕೊಂಡು ನಿಂತಿತ್ತು. ನಾಲ್ಕು ವರ್ಷದಿಂದ ಮೇಜು ಅದಕ್ಕೇ ಮೀಸಲು. ಮನುಷ್ಯರಾದ ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು.

"ಹೇಗಿದೆ ನಾನು ಮಾಡಿದ್ದು?" ಅಂದರು.

ನಾನು ಚೆನ್ನಾಗಿದೆ ಎಂದೆ. ಆದರೆ ಆ 'ನಾನು' ಮಾತ್ರ ನನಗೆ ಹಿಡಿಸಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಹಡಗಿನ ಒಡಲು ಪೂರ್ತಿ ಅವರದ್ದೇ. ಮರದ ತೆಳು ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಬಾಗಿಸಿ, ಪಕ್ಕೆಲುಬಿನಂಥ ಚೌಕಟ್ಟಿಗೆ ಒಂದೊಂದಾಗಿ ಅಂಟಿಸಿ, ಕೈಯಾಡಿಸಿದರೆ ಸಂದೇ ಸಿಗದ ಹಾಗೆ ಉಜ್ಜಿದ್ದರು. ಅದರಲ್ಲಿ ನನ್ನದು ಒಂದು ಚೂರೂ ಇಲ್ಲ. ಆದರೆ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದವರ ಬೆರಳು, ಸ್ಪ್ಯಾನರ್ ಹಿಡಿದು ದಪ್ಪಗಾದದ್ದು. ಹಗ್ಗ ಕಟ್ಟುವ ಸರದಿ ಬಂದಾಗ ಮೊದಲ ದಾರ ಕಿತ್ತುಹೋಯಿತು, ಎರಡನೆಯದೂ ಹೋಯಿತು, ಮೂರನೆಯದಕ್ಕೆ ಚಿಮುಟವೇ ಹಾರಿ ಬಂದು ನಾನು ಕಾಯಿಸುತ್ತಿದ್ದ ಹಾಲಿನ ಪಾತ್ರೆಗೆ ಬಿತ್ತು. ಚಿಮುಟ ತೊಳೆದುಕೊಡಲು ಹೋದವಳು ನಾನು. ಹೋದವಳು ಅಲ್ಲೇ ಕೂತೆ.

ನನ್ನ ಕಸುಬು ಮುತ್ತು ಪೋಣಿಸುವುದು. ಮದುವೆಗೆ ಮುಂಚಿನಿಂದ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಗುವವರೆಗೆ ಒಂದು ಒಡವೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು, ಅದನ್ನೇ ಮಾಡಿದೆ. ಒಂದು ಮುತ್ತು, ಒಂದು ಗಂಟು, ಮತ್ತೊಂದು ಮುತ್ತು. ಗಂಟನ್ನು ಸೂಜಿಯ ಮೊನೆಯಿಂದ ಮುತ್ತಿನ ಮಗ್ಗುಲಿಗೆ ತಳ್ಳಿ ಬಿಗಿಯಬೇಕು. ಆಗ ಸರ ಎಲ್ಲಿ ಕಿತ್ತರೂ ಒಂದೇ ಮುತ್ತು ಬೀಳುತ್ತದೆ, ಉಳಿದವು ಕುತ್ತಿಗೆಯಲ್ಲೇ ಇರುತ್ತವೆ. ಹಡಗಿಗೆ, ನಾವಿಕರು ಕಂಬ ಹತ್ತಲು ಹಗ್ಗದ ಏಣಿಗಳಿರುತ್ತವೆ. ಅಡ್ಡಹಗ್ಗ ಉದ್ದಹಗ್ಗವನ್ನು ದಾಟುವ ಕಡೆಯಲ್ಲೆಲ್ಲ ಒಂದು ಗಂಟು. ಹಡಗಿನ ತುಂಡುಗಳ ಡಬ್ಬದ ಜೊತೆ ಬಂದ ಪುಸ್ತಕದಲ್ಲಿ ನಾವಿಕರ ಗಂಟಿನ ಚಿತ್ರ ಇತ್ತು, ಅದು ನನ್ನ ಕೈಗೆ ಒಗ್ಗಲಿಲ್ಲ. ನನಗೆ ಗೊತ್ತಿದ್ದ ಮುತ್ತಿನ ಗಂಟನ್ನೇ ಹಾಕುತ್ತಾ ಹೋದೆ. ಇವರು ಕನ್ನಡಕ ಏರಿಸಿ ನೋಡಿ, ಯಾರು ಬಗ್ಗಿ ನೋಡ್ತಾರೆ ಬಿಡು ಎಂದರು.

ಬಗ್ಗಿ ನೋಡುವವನೊಬ್ಬ ಇದ್ದ. ಇಂಥ ಪುಟ್ಟ ಹಡಗು ಕಟ್ಟುವವರ ಸಂಘದ ಹಿರಿಯನನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಾರೆ. ಬಂದರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಮನುಷ್ಯ, ದೋಣಿ ಹತ್ತಿದರೆ ವಾಂತಿ. ಆದರೆ ದಡದಲ್ಲಿ ನಿಂತು ಹಗ್ಗಗಳನ್ನು ಅವನಷ್ಟು ನೋಡಿದವರಿಲ್ಲ. ವರ್ಷಕ್ಕೊಮ್ಮೆ ಸಂಘದವರು ಶಾಲೆಯ ಸಭಾಂಗಣದಲ್ಲಿ ಪ್ರದರ್ಶನ ಇಡುತ್ತಾರೆ, ಬಹುಮಾನ ತೀರ್ಮಾನಿಸುವವನು ಅವನೇ.

ಹಡಗನ್ನು ರಟ್ಟಿನ ಡಬ್ಬದಲ್ಲಿಟ್ಟು, ಬಾಡಿಗೆ ಕಾರಿನಲ್ಲಿ ದಾರಿಯುದ್ದಕ್ಕೂ ನನ್ನ ತೊಡೆಯ ಮೇಲಿಟ್ಟುಕೊಂಡು ಹೋದೆವು. ಪ್ರತಿ ಹಳ್ಳಕ್ಕೂ ಇವರು ಡ್ರೈವರನ್ನು ಬೈದರು. ಕ್ಯಾಪ್ಟನ್ ಬಂದು ಭೂತಗನ್ನಡಿ ಹಿಡಿದು ಬಗ್ಗಿದ. ಒಡಲನ್ನು ಒಂದು ಸಲ ಸವರಿ ಮುಂದೆ ಸರಿದ. ಏಣಿಗಳ ಹತ್ತಿರ ಬಂದವನು ಏಳಲೇ ಇಲ್ಲ. ನನಗೆ ಗಂಟು ತಪ್ಪೆಂದು ಹಿಡಿದ ಎಂದೇ ಅನಿಸಿತು.

"ಈ ಗಂಟು ಯಾವ ಹಡಗಲ್ಲೂ ಇರಲ್ಲ" ಎಂದ. "ತಪ್ಪು ಅಂತಲೇ ಬರ್ಕೋಬೇಕು. ಆದ್ರೆ ಇಷ್ಟು ಸಣ್ಣಕ್ಕೆ, ಇಷ್ಟು ಒಂದೇ ಸಮ ಬಂದಿದ್ದು ನನ್ನ ಆಯುಸ್ಸಲ್ಲಿ ನೋಡಿಲ್ಲ. ಯಾರು ಹೇಳ್ಕೊಟ್ರು ನಿಮಗೆ?"

ನಾನು ನೀರಿನ ಬಾಟಲಿ, ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಈಗ ನನ್ನ ಮಾತು ಬರುತ್ತದೆ ಎಂದು ಕಾದೆ, ಹೇಳಲು ನಾಚಿಕೆಯಿಲ್ಲ. ನನಗೆ ಹಾರ ಬೇಕಿರಲಿಲ್ಲ. 'ಇವಳು ಕಟ್ಟಿದ್ದು' ಅಂದರೆ ಸಾಕಿತ್ತು. ಮುತ್ತಿನ ಸರ ಹಾಕಿಕೊಂಡು ಹೋದ ಹೆಂಗಸರು ಒಬ್ಬರಾದರೂ ನಡುವಿನ ಗಂಟು ಯಾರು ಹಾಕಿದ್ದು ಎಂದು ಕೇಳಿದವರಲ್ಲ. ಹುಟ್ಟಿದಂದಿನಿಂದ ಮೊದಲ ಸಲ ಒಬ್ಬ ಕೇಳಿದ್ದ.

ಇವರು ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಕ್ಯಾಪ್ಟನ್ ಕಡೆ ತಿರುಗಿ, "ಯಾರೂ ಹೇಳ್ಕೊಡ್ಲಿಲ್ಲ ಸಾರ್. ಕೈಗೆ ತಾನಾಗೇ ಬಂತು" ಎಂದರು.

ಕ್ಯಾಪ್ಟನ್ ಜೇಬಿನಿಂದ ದಾರ ತೆಗೆದು, ಒಂದು ಗಂಟು ಹಾಕಿ ತೋರಿಸಿ ಎಂದು ಕೇಳಿಯೇಬಿಟ್ಟ. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಇವರು ಹತ್ತಿರದ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದೇನೆ ಎಂದರು. ಕನ್ನಡಕ ನನ್ನ ಚೀಲದಲ್ಲಿತ್ತು. ಅದು ಅವರಿಗೂ ಗೊತ್ತಿತ್ತು. ತುಂಬಿದ ಸಭೆಯಲ್ಲಿ ಗಂಡನ ಮಾನ ಕಳೆಯುವಷ್ಟು ಬಾಯಿ ನನಗೆ ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಬಹುಮಾನವೂ ಬಂತು. ಹಗ್ಗದ ಕೆಲಸಕ್ಕೆ ಮೊದಲನೆಯದು, ಒಂದು ಹಿತ್ತಾಳೆ ಬಟ್ಟಲು. ಒಡಲಿಗೆ ಏನೂ ಬರಲಿಲ್ಲ, ಆ ಬಹುಮಾನ ಯಾವನೋ ದಂತವೈದ್ಯನ ಪಾಲಾಯಿತು. ಇವರ ಮುಖ ಆಗ ಒಂದು ಗಳಿಗೆ ಬಾಡಿದ್ದನ್ನು ನಾನು ಕಂಡೆ. ಪಾಪ ಅನಿಸಿತು ಕೂಡ. ಆಮೇಲೆ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಫೋಟೋಗೆ ನಿಂತರು ನೋಡಿ, ಪಾಪ ಅಲ್ಲಿಗೇ ಇಳಿದುಹೋಯಿತು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಒಬ್ಬರದು, ಬಾಯಿ ಇನ್ನೊಬ್ಬರದು ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದು ಬಟ್ಟಲನ್ನು ಫ್ರಿಜ್ಜಿನ ಮೇಲಿಟ್ಟರು. ಮಗಳು ಫೋನ್ ಮಾಡಿದಾಗ ಎಲ್ಲವನ್ನೂ ಮೊದಲಿನಿಂದ ಹೇಳಿದರು, ಕೊನೆಗೆ ದೊಡ್ಡ ಮನಸ್ಸು ಮಾಡಿ, ನಿಮ್ಮಮ್ಮ ದಾರ ಹಿಡ್ಕೊಂಡಿದ್ಲು ಅಂತ ಸೇರಿಸಿದರು. ಮಗಳು, ಹೌದಾ ಅಮ್ಮ, ನಿಂಗೂ ಹೊತ್ತು ಹೋಯ್ತಲ್ಲ ಎಂದಳು. ನಾನು ಹೌದಮ್ಮ ಎಂದೆ.

ಅದೇ ವಾರ ಇವರು ಮುಂದಿನ ಹಡಗಿನ ನಕ್ಷೆ ತಂದು ಮೇಜಿನ ಮೇಲೆ ಹರಡಿದರು. ಮೂರು ಕಂಬದ್ದು. ವರ್ಷಗಟ್ಟಲೆ ಹಡಗಿನ ಡಬ್ಬ ಮಾರುವ ಅಂಗಡಿಯ ಗಾಜಿನಾಚೆ ನಿಂತು ನೋಡಿ ನೋಡಿ ಬರುತ್ತಿದ್ದದ್ದು ಆ ಹಡಗನ್ನೇ. ಈ ಸಲ ಏಣಿ ಜಾಸ್ತಿ, ಹಗ್ಗ ಎರಡರಷ್ಟು, ನೀನು ಈಗಿಂದಲೇ ಕೈ ಸಡಿಲ ಮಾಡ್ಕೋ ಎಂದು ಕೈ ಕೈ ಉಜ್ಜಿಕೊಂಡರು.

"ಕ್ಯಾಪ್ಟನ್‌ಗೆ ಫೋನ್ ಮಾಡಿ" ಎಂದೆ. "ಗಂಟು ನನ್ನ ಹೆಂಡ್ತಿ ಹಾಕಿದ್ದು ಅನ್ನಿ. ಅಂದ ದಿನವೇ ದಾರ ಹಿಡೀತೀನಿ."

"ಇದೇನೇ ಇವಳೇ? ಗಂಡ ಹೆಂಡ್ತಿ ಮಧ್ಯೆ ನಿಂದು ನಂದು ಅಂತ ಉಂಟಾ?"

"ಇಲ್ಲ ಅಂದ್ಮೇಲೆ ಇನ್ನೂ ಸುಲಭ ಆಯ್ತಲ್ಲ. ಅವಳದು ಅಂತಲೇ ಹೇಳ್ಬಿಡಿ."

"ಈಗ ಹೇಳಿದ್ರೆ ಅವತ್ತು ಸುಳ್ಳು ಹೇಳ್ದೆ ಅಂತಾಗಲ್ವಾ? ನನ್ನ ಮರ್ಯಾದೆ ಏನಾಗ್ಬೇಕು?"

"ಹಾಗಾದ್ರೆ ಹಗ್ಗ ಇಲ್ಲದ ಹಡಗು ಆರಿಸ್ಕೊಳ್ಳಿ" ಎಂದೆ.

ಅದನ್ನು ನಾನು ಧೈರ್ಯದಿಂದಲೇ ಹೇಳಿದ್ದೆ. ಈ ಮನುಷ್ಯ ಹಾಯಿ ಬಿಟ್ಟು ಬದುಕುವವರಲ್ಲ. ಡಿಪೋದ ಹೊಗೆ ಕುಡಿದೂ ಕುಡಿದೂ ಅವರಿಗೆ ಎಂಜಿನ್ ಅಂದರೆ ಓಕರಿಕೆ. ಸದ್ದಿಲ್ಲದೆ ಗಾಳಿಯಲ್ಲಿ ಹೋದರೆ ಅದು ಹಡಗು, ಉಳಿದದ್ದೆಲ್ಲ ನೀರಿನ ಮೇಲಿನ ಬಸ್ಸು ಎಂದು ಸಾವಿರ ಸಲ ಅಂದಿದ್ದಾರೆ. ಹಾಯಿಗಾಗಿ ಜಂಬ ನುಂಗಿಕೊಂಡು ಒಂದು ಮಾತು ಒಪ್ಪಿಕೊಳ್ಳುತ್ತಾರೆ ಎಂದುಕೊಂಡೆ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಮಾತು ಅಷ್ಟಕ್ಕಷ್ಟೇ. ಚಹಾ ಲೋಟ ಮುಂದಿಟ್ಟರೆ ಕುಡಿಯುತ್ತಿದ್ದರು, ಬೇಕು ಅನ್ನುತ್ತಿರಲಿಲ್ಲ. ಬಚ್ಚಲಿನ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದರು. ಕಸದ ಬುಟ್ಟಿ ಖಾಲಿ ಮಾಡುವಾಗ ಕಿತ್ತ ದಾರದ ಉಂಡೆಗಳು ಸಿಕ್ಕವು. ಒಂದರಲ್ಲೂ ನೆಟ್ಟಗಿನ ಗಂಟಿರಲಿಲ್ಲ. ಸರಿ, ಇನ್ನು ದಾರಿಗೆ ಬರುತ್ತಾರೆ ಎಂದು ನನ್ನ ಮನಸ್ಸು ಹಗುರಾಯಿತು. ಅವರು ಫೋನ್ ಮಾಡುವಾಗ ನಾನು ಅಡುಗೆಮನೆಯಲ್ಲೇ ಇರಬೇಕು, ಎದುರು ನಿಂತರೆ ಅವರಿಗೆ ಸಂಕೋಚ ಎಂದೆಲ್ಲ ಲೆಕ್ಕ ಹಾಕಿದೆ. ಎಂಥ ಪೆದ್ದಿ ನಾನು.

ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೊರಟು, ಮಧ್ಯಾಹ್ನದ ಹೊತ್ತಿಗೆ ಕಂಕುಳಲ್ಲಿ ಡಬ್ಬ ಇರುಕಿಕೊಂಡು ಬಂದರು. ಮೇಜಿನ ಮೇಲಿಟ್ಟು ಮುಚ್ಚಳ ನನ್ನ ಕಡೆ ತಿರುಗಿಸಿದರು. ಕಲ್ಲಿದ್ದಲು ಸಾಗಿಸುವ ಹಡಗಿನ ಚಿತ್ರ. ಚಪ್ಪಟೆ ಮೈ, ನಡುವೆ ಒಂದು ದಪ್ಪ ಹೊಗೆಕೊಳವೆ.

"ನೋಡು, ಹಗ್ಗವೇ ಇಲ್ಲ" ಎಂದರು. ಗೆದ್ದವರ ದನಿ.

ನನ್ನೆದುರೇ ಕ್ಯಾಪ್ಟನ್‌ಗೆ ಫೋನ್ ಹಚ್ಚಿದರು. ಹಾಯಿ, ಹಗ್ಗ ಎಲ್ಲ ನೋಡಿ ಆಯಿತು ಸಾರ್, ಅದರಲ್ಲಿ ಇನ್ನು ಕಲಿಯೋದೇನೂ ಉಳಿದಿಲ್ಲ, ಎಂಜಿನ್ ಕಡೆ ಹೋಗೋಣ ಅಂತಿದ್ದೀನಿ ಎಂದು ನಗುನಗುತ್ತ ಹೇಳಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಫೋನ್ ಇಟ್ಟ ಮೇಲೆ ನಗು ಇರಲಿಲ್ಲ. ಹಿಂದೆ ಡಬ್ಬ ಬಂದರೆ ಮರದ ಪಟ್ಟಿಗಳನ್ನು ಮೂಗಿಗೆ ಹಿಡಿದು ಮೂಸುತ್ತಿದ್ದವರು, ಈಗ ತುಂಡುಗಳನ್ನು ಒಂದು ಬೆರಳಿನಿಂದ ಆಚೆ ಈಚೆ ಸರಿಸುತ್ತಿದ್ದರು. ಕೊಳವೆಯ ಉರುಟು ಮರವನ್ನು ಎತ್ತಿ ನೋಡಿ ಹಾಗೇ ಕೆಳಗಿಟ್ಟರು. ಅವರಿಗೆ ಅದು ಬೇಡ. ಒಂದಿಷ್ಟೂ ಬೇಡ. ಆದರೂ ವರ್ಷಗಟ್ಟಲೆ ಕೂತು ಅದನ್ನೇ ಕಟ್ಟುತ್ತಾರೆ.

"ಒಳ್ಳೆಯದಾಯ್ತು ಬಿಡಿ" ಎಂದೆ. "ಈ ಸಲ ಯಾರು ಕೇಳಿದ್ರೂ ನಾನೇ ಮಾಡಿದ್ದು ಅಂತ ನಿಜವಾಗ್ಲೂ ಹೇಳಬಹುದು."

ಅವರು ಕೊಳವೆಯ ಮರಕ್ಕೆ ಉಜ್ಜುಕಾಗದ ಹಚ್ಚಿದರು. ಹಾಯಿ ದೊಡ್ಡದೋ ನಾನು ದೊಡ್ಡವಳೋ ಎಂದು ಇಷ್ಟು ವರ್ಷ ಆ ಹಡಗಿನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಹಾಯಿಯನ್ನಾದರೂ ಬಿಟ್ಟರು, ನನ್ನನ್ನು ಒಪ್ಪಲಿಲ್ಲ.