ಹಲ್ಲು ಹಿಡಿದ ಕೈಗಳು

ಪತ್ರಿಕಾಗೋಷ್ಠಿ ಹತ್ತು ಗಂಟೆಗಿತ್ತು. ಕೆಲೆರಾ ಒಂಬತ್ತೂವರೆಗೇ ಬಂದು ಮುಂದಿನ ಸಾಲಿನಲ್ಲಿ ಕೂತಳು. ಮೈಮೇಲೆ ಕಪ್ಪು ಬಟ್ಟೆ, ತೊಡೆಯ ಮೇಲೆ ರೇಡಿಯೋ ಕಚೇರಿಯ ರೆಕಾರ್ಡರು. ಸೈರುಸಿ ಸತ್ತು ಎಪ್ಪತ್ತೊಂದು ದಿನವಾಗಿತ್ತು. ನೂರು ತುಂಬುವವರೆಗೆ ಹೆಂಡತಿ ಕಪ್ಪು ಬಿಡುವಂತಿಲ್ಲ.

"ಬೇರೆಯವರನ್ನ ಕಳಿಸ್ತೀನಿ ಅಂದಿದ್ರಲ್ಲ ನಿಮ್ಮ ಸಂಪಾದಕರು?" ಪತ್ರಿಕೆಯ ಶಲ್ವಿನ್ ಪಕ್ಕದ ಕುರ್ಚಿ ಎಳೆದುಕೊಂಡ. ಕೈಯಲ್ಲಿ ಆಗಲೇ ಎರಡು ಸ್ಯಾಂಡ್‌ವಿಚ್ಚು.

"ಬಂದಿರೋಳು ನಾನು."

"ಸರಿ ಬಿಡು. ತಿಂತೀಯಾ? ನೋಡು, ಸೇನೆಯವರು ಟ್ಯೂನಾ ಮೀನು ಇಟ್ರೆ ಹೇಳೋಕೆ ಏನೂ ಇಲ್ಲ ಅಂತ. ಕೋಳಿ ಇಟ್ರೆ ಏನೋ ಮುಚ್ಚಿಡ್ತಿದಾರೆ ಅಂತ." ಅವನು ಕೈಯಲ್ಲಿದ್ದದ್ದನ್ನು ಬಿಚ್ಚಿ ನೋಡಿದ. "ಕೋಳಿ."

ಅವಳು ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಒಂದೇ ಸಾಲು ಬರೆದುಕೊಂಡಿದ್ದಳು: ತುಂಬಿ ಹರಿಯುತ್ತಿದ್ದ ವೈಲೊಮಾ ನದಿಯನ್ನು, ಹಗ್ಗ ಬರುವ ಮೊದಲೇ ದಾಟಿ ಎಂದವರು ಯಾರು?

ಸೈರುಸಿ ಮುಳುಗಿದ್ದು ಅಲ್ಲೇ. ಈ ದ್ವೀಪದ ಸೇನೆಯೂ ಹೊರದೇಶದ ಅತಿಥಿ ಸೇನೆಯೂ ಸೇರಿ ನಡೆಸಿದ ತರಬೇತಿ ಅದು. ವಿಚಾರಣೆಯನ್ನೂ ಎರಡೂ ಸೇರಿ ನಡೆಸಿದ್ದವು. ವರದಿ ಸೀಲಾಗಿ ಕೂತಿತ್ತು. ಇವಳು ಬರೆದ ಕಾಗದಕ್ಕೆ ಇಲ್ಲಿಯವರು, ಅತಿಥಿ ಸೇನೆ ಒಪ್ಪಬೇಕು ಎಂದರು. ಅಲ್ಲಿಯವರು, ಸ್ಥಳೀಯ ಸೇನೆ ಕೊಡಬೇಕು ಎಂದರು. ಮೂರನೆಯ ಕಾಗದಕ್ಕೆ ಇಬ್ಬರೂ ಉತ್ತರ ಬರೆಯಲಿಲ್ಲ.

ಹತ್ತಕ್ಕೆ ಸರಿಯಾಗಿ ಇಬ್ಬರೂ ಬಂದರು. ಅತಿಥಿ ಸೇನೆಯ ಜನರಲ್ ಪ್ರೆಂಟಿಸ್ ಎತ್ತರದ ಮನುಷ್ಯ, ಬಿಸಿಲಿಗೆ ಕುತ್ತಿಗೆ ಕೆಂಪಾಗಿತ್ತು. ಪಕ್ಕದಲ್ಲಿ ಇಲ್ಲಿಯ ಕರ್ನಲ್ ಇಸಿಕೆಲಿ. ಸೈರುಸಿಯ ಮೇಲಧಿಕಾರಿ, ಅವನ ಊರಿನ ಕಡೆಯವನೇ. ಕೆಲೆರಾಳ ಮದುವೆಯಲ್ಲಿ ಎಲ್ಲರಿಗಿಂತ ಜೋರಾಗಿ ಹಾಡಿದವನು.

ಜನರಲ್ ಪಾಲುದಾರಿಕೆಯ ಬಗ್ಗೆ ಹೇಳಿದ. ಈ ವರ್ಷ ಆರು ಜಂಟಿ ತರಬೇತಿ, ಬರುವ ವರ್ಷ ಒಂಬತ್ತು. ಚಂಡಮಾರುತ ಬಂದಾಗ ಇಬ್ಬರೂ ಒಂದೇ ಭಾಷೆಯಲ್ಲಿ ಕೆಲಸ ಮಾಡಬೇಕಲ್ಲ, ಅದಕ್ಕೆ. ನಿಮ್ಮ ಹುಡುಗರಿಗೆ ಕಾಡು ಗೊತ್ತು, ನಮ್ಮಲ್ಲಿ ಸಲಕರಣೆ ಇದೆ, ಎಂದ.

ಸಲಕರಣೆ. ಕೆಲೆರಾ ಕೈ ಎತ್ತಿದಳು. ಅವತ್ತು ಹಗ್ಗ ಅವರ ಲಾರಿಯಲ್ಲೇ ಇತ್ತು. ಲಾರಿ ಎರಡು ಗಂಟೆ ಹಿಂದಿತ್ತು.

"ಹೊಳೆ ದಾಟೋ ತರಬೇತಿ ಮುಂದುವರಿಯತ್ತಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಖಂಡಿತ. ಇನ್ನೂ ಗಟ್ಟಿಯಾಗಿ," ಎಂದ ಜನರಲ್.

ಅವಳ ಕೈ ಎತ್ತಿಯೇ ಇತ್ತು. ಕರ್ನಲ್ ಎಡಗಡೆ ನೋಡಿದ, ಬಲಗಡೆ ನೋಡಿದ, ಅವಳ ತಲೆಯ ಮೇಲಿಂದ ಹಿಂದಿನ ಗೋಡೆಯನ್ನೂ ನೋಡಿದ. "ಉಳಿದ ಪ್ರಶ್ನೆ ಆಮೇಲೆ. ಈಗ ಒಂದು ಚಿಕ್ಕ ಕಾರ್ಯಕ್ರಮ ಇದೆ. ಕುರ್ಚಿ ಸ್ವಲ್ಪ ಹಿಂದಕ್ಕೆ ಎಳ್ಕೊಳ್ಳಿ."

ಸೈನಿಕರು ಚಾಪೆ ಹಾಸಿದರು. ಯಂಗೋನಾ ಬೇರಿನ ಪಾನೀಯ ಕಲಸುವ ಮರದ ದೊಡ್ಡ ಬೋಗುಣಿ ತಂದಿಟ್ಟರು. ಪಕ್ಕದ ಬಾಗಿಲಿನಿಂದ ಸೈರುಸಿಯ ಊರಿನ ನಾಲ್ವರು ಹಿರಿಯರು ಬಗ್ಗಿಕೊಂಡು ಒಳಗೆ ಬಂದರು. ಮುಂದಿದ್ದವರು ನೆಮಾನಿ, ಅವಳ ಮಾವ. ಸೊಂಟಕ್ಕೆ ಇಸ್ತ್ರಿ ಮಾಡಿದ ಸುಲು ಪಂಚೆ, ಬಗಲಲ್ಲಿ ಎಲೆಯಲ್ಲಿ ಹೆಣೆದ ಚೀಲ.

ಕೆಲೆರಾಗೆ ತಕ್ಷಣ ಗೊತ್ತಾಯಿತು. ಎದ್ದು ನೇರವಾಗಿ ಕರ್ನಲ್ ಹತ್ತಿರ ಹೋದಳು.

"ನಮ್ಮ ಮಾವನನ್ನ ಕರೆಸಿದ್ದು ಯಾರು?"

"ನಾನೇ ಕಣಮ್ಮ. ದೋಣಿಗಟ್ಟೆಗೆ ಜೀಪ್ ಕಳಿಸಿದ್ದೆ." ಕರ್ನಲ್ ದನಿ ಇಳಿಸಿದ. "ಜನರಲ್ ಸಾಹೇಬ್ರು ತಂಬುವಾ ಹಲ್ಲು ಕೊಟ್ಟು ಕ್ಷಮೆ ಕೇಳ್ತಾರೆ. ನಮ್ಮ ಪದ್ಧತಿ ಪ್ರಕಾರ. ಅಷ್ಟು ದೊಡ್ಡ ಮನುಷ್ಯ ಚಾಪೆ ಮೇಲೆ ಕೂತು ಕೇಳ್ತಾರೆ. ಇನ್ನೇನು ಬೇಕು?"

"ಕ್ಯಾಮೆರಾ ಮುಂದೆ."

"ಎಲ್ಲರ ಮುಂದೆ. ಅದೇ ಒಳ್ಳೇದಲ್ವಾ?"

"ಮಾವ ಅದನ್ನ ಮುಟ್ಟಿದ ಮೇಲೆ ನಾನು ಬಾಯಿ ಬಿಡೋ ಹಾಗಿಲ್ಲ."

"ಯಾರು ಹೇಳಿದ್ದು? ರೇಡಿಯೋದವಳಾಗಿ ಕೇಳು, ಯಾರು ತಡೀತಾರೆ?" ಅವನು ಹಿರಿಯರ ಕಡೆ ಕಣ್ಣು ಹಾಯಿಸಿದ. "ಆದ್ರೆ ಸೊಸೆ ನೀನು. ಆ ಮುದುಕರು ಸರಿ ಅಂದಿದ್ದನ್ನ ಊರೆಲ್ಲ ಕೇಳೋ ಹಾಗೆ ತಪ್ಪು ಅಂತೀಯಾ? ಅವರ ಮುಖಕ್ಕೆ ನೀನೇ ಮಸಿ ಬಳೀತೀಯಾ? ಓದಿದವಳು. ಯೋಚನೆ ಮಾಡು."

"ಸೈರುಸಿ ನಿಮ್ಮನೇಲಿ ಊಟ ಮಾಡಿದ್ದ."

"ಅದಕ್ಕೇ ನನಗೂ ಹೊಟ್ಟೆ ಉರಿಯತ್ತೆ."

"ಉರಿಯಲ್ಲ. ಉರಿದಿದ್ರೆ ಕೋಳಿ ಬೇಯಿಸ್ತಿರಲಿಲ್ಲ."

ಅವಳು ಮಾವನ ಕಡೆ ತಿರುಗಿದಳು. ಮಾವನಿಗೂ ಸೊಸೆಗೂ ಎದುರೆದುರು ಮಾತಿಲ್ಲ. ಹೇಳುವುದೇನಿದ್ದರೂ ಅತ್ತೆಯ ಮೂಲಕ. ಅತ್ತೆ ಊರಿನಲ್ಲಿದ್ದಳು, ದೋಣಿಯಲ್ಲಿ ಅರ್ಧ ದಿನದ ದಾರಿ. ನೆಮಾನಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಅಂಚನ್ನು ನೋಡುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಒಂದು ಜೀಪಿಗೆ, ಒಂದು ಬಿಳಿ ಕೈಯ ನಮಸ್ಕಾರಕ್ಕೆ ಮಗನನ್ನು ಬಿಟ್ಟುಕೊಟ್ಟರು ಎಂದುಕೊಂಡಳು. ಹಲ್ಲು ಕಚ್ಚಿ ಹೋಗಿ ಕೂತಳು.

ಜನರಲ್ ಕಾಲು ಮಡಚಿ ಕೂರಲು ಒದ್ದಾಡಿದ. ಅವನಿಗೆ ಚೆನ್ನಾಗಿ ಕಲಿಸಿದ್ದರು. ಯಂಗೋನಾದ ಚಿಪ್ಪನ್ನು ಒಂದೇ ಉಸಿರಿಗೆ ಕುಡಿದ. ಕೈ ಗುಳಿಮಾಡಿ ಮೂರು ಸಲ ತಟ್ಟಿದ. ಆಮೇಲೆ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಎತ್ತಿ, ಬಾಯಿಪಾಠ ಮಾಡಿದ್ದ ಇಲ್ಲಿಯ ಭಾಷೆಯ ಮಾತುಗಳನ್ನು ತಡವರಿಸುತ್ತ ಹೇಳಿದ. ಹೊಸ ಹಲ್ಲು, ಪಾಲಿಶ್ ಮಾಡಿ ಹೊಳೆಯುತ್ತಿತ್ತು.

ನೆಮಾನಿ ಕೈ ಚಾಚಿ ತೆಗೆದುಕೊಂಡರು.

"ಮುಟ್ಟಿದೆ. ಸಿಟ್ಟನ್ನ ಮಣ್ಣಲ್ಲಿಟ್ಟೆ," ಎಂದರು.

ಕ್ಯಾಮೆರಾಗಳು ಟಕಟಕ ಅಂದವು. ಕೆಲೆರಾ ನೋಟ್‌ಬುಕ್ಕಿನ ಹಾಳೆಯನ್ನು ಹರಿದು ಮುಷ್ಟಿಯಲ್ಲಿ ಉಂಡೆ ಮಾಡಿದಳು. ಕರ್ನಲ್ ಆಗಲೇ ಏಳಲು ಮೊಣಕಾಲ ಮೇಲೆ ಕೈಯೂರಿದ್ದ.

ನೆಮಾನಿ ಏಳಲಿಲ್ಲ. ಅವರು ಏಳದೆ ಯಾರೂ ಏಳುವಂತಿಲ್ಲ. ಅವರು ಚೀಲದೊಳಗೆ ಕೈ ಹಾಕಿ ಇನ್ನೊಂದು ಹಲ್ಲು ತೆಗೆದರು.

ಹಳೆಯದು. ಎಣ್ಣೆ ಹೀರಿ ಕಂದು ತಿರುಗಿದ್ದು. ತೆಂಗಿನ ನಾರಿನ ಹುರಿ ತುಂಡಾದ ಕಡೆ ನೀಲಿ ನೈಲಾನ್ ದಾರದಲ್ಲಿ ಗಂಟು ಹಾಕಿತ್ತು. ಕೆಲೆರಾಗೆ ಆ ಗಂಟು ಗೊತ್ತಿತ್ತು. ಅದನ್ನು ಹಿಡಿದುಕೊಂಡೇ ನೆಮಾನಿ ಅವಳನ್ನು ಮಗನಿಗೆ ಕೇಳಲು ಬಂದಿದ್ದರು. ಸೈರುಸಿಯ ಮಣ್ಣಿನ ದಿನ ಅವಳ ಅಪ್ಪ ಅದನ್ನೇ ತಂದು ಹೆಣದ ಮುಂದೆ ಇಟ್ಟಿದ್ದ.

"ದೊಡ್ಡವರೇ," ನೆಮಾನಿ ಜನರಲ್ ಮುಖ ನೋಡಿ, ಇಲ್ಲಿಯ ಭಾಷೆಯಲ್ಲೇ, ನಿಧಾನವಾಗಿ ಹೇಳಿದರು. "ನಿಮ್ಮ ಹಲ್ಲು ತಗೊಂಡೆ. ಈಗ ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ. ಸಿಟ್ಟು ಇಲ್ಲದೇನೇ ಒಂದು ಕೇಳ್ಕೋತೀನಿ. ಆ ಸೀಲು ಹಾಕಿದ ಕಾಗದ ನಮ್ಮೂರಿಗೆ ತನ್ನಿ. ನಮ್ಮ ಸಭೆಮನೇಲಿ, ಹೆಂಗಸರು ಮಕ್ಕಳ ಮುಂದೆ ಒಡೀರಿ. ಮೊದಲನೇ ಸಾಲಿಂದ ಕೊನೇ ಸಾಲಿನ ತನಕ ಗಟ್ಟಿಯಾಗಿ ಓದಲಿ. ಓದೋಳು ನನ್ನ ಸೊಸೆ."

ಹಲ್ಲನ್ನು ಮುಂದೆ ಚಾಚಿದರು. ತೆಗೆದುಕೊಂಡರೆ ಕೇಳಿದ್ದಕ್ಕೆ ಒಪ್ಪಿದ ಹಾಗೆ.

ಕರ್ನಲ್ ಮುಖ ಬೂದಿಯಾಯಿತು. ಜನರಲ್ ಅವನ ಕಡೆ ನೋಡಿದ. ಕ್ಯಾಮೆರಾಗಳ ಮುಂದೆ ಕರ್ನಲ್‌ಗೆ ಬೇಡ ಎಂದು ತಲೆಯಾಡಿಸುವ ಧೈರ್ಯವಿರಲಿಲ್ಲ. ಜನರಲ್ ಕಲಿತಂತೆಯೇ ಮಾಡಿದ. ಎರಡೂ ಕೈಯಲ್ಲಿ ಹಲ್ಲು ಹಿಡಿದ, ಎದೆಯ ಹತ್ತಿರ ತಂದ, ನಕ್ಕ. "ವಿನಾಕಾ," ಎಂದ. ಧನ್ಯವಾದ.

ಹಿರಿಯರು ನಾಲ್ವರೂ ಕೈ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದದ್ದು ಕೇಳಿಸಿತು.

"ಈ ಭಾಗ ಬರೀಬೇಡಿ," ಕರ್ನಲ್ ಎದ್ದುಬಿಟ್ಟ. "ಅನುವಾದ ಆಗಿಲ್ಲ. ಅವರಿಗೆ ಅರ್ಥ ಆಗಿಲ್ಲ. ಇದು ಬರೀ ಸಂಪ್ರದಾಯ, ಇದರಿಂದ ಯಾವ ಒಪ್ಪಂದಾನೂ ಆಗಲ್ಲ."

"ಫೋಟೋ ಆಗ್ಲೇ ಆಫೀಸಿಗೆ ಹೋಗ್ಬಿಡ್ತು ಸಾರ್," ಎಂದ ಶಲ್ವಿನ್. "ತುಂಬಾ ಚೆನ್ನಾಗಿ ಬಂದಿದೆ. ಜನರಲ್ ನಗ್ತಿದಾರೆ."

ಕೆಲೆರಾ ಎದ್ದಳು. ಅವಳ ದನಿ ಅವಳಿಗೇ ಬೇರೆಯವರದ್ದು ಅನಿಸಿತು.

"ಕರ್ನಲ್, ಇದು ಬರೀ ಸಂಪ್ರದಾಯ ಅಂದ್ರೆ ಮೊದಲನೇ ಹಲ್ಲೂ ಬರೀ ಸಂಪ್ರದಾಯ. ಅದು ನನ್ನ ಬಾಯಿ ಕಟ್ಟತ್ತೆ ಅಂದ್ರೆ ಇದು ನಿಮ್ಮ ಕೈ ಕಟ್ಟತ್ತೆ. ಎರಡರಲ್ಲಿ ಒಂದು ಹೇಳಿ. ರೆಕಾರ್ಡರ್ ಓಡ್ತಿದೆ."

ಅವನು ಬಾಯಿ ತೆರೆದ. ಊರಿನ ಹಿರಿಯರು ನಾಲ್ವರೂ ಅವನನ್ನೇ ನೋಡುತ್ತಿದ್ದರು. ಅವನ ಅಪ್ಪನನ್ನು ಬಲ್ಲವರು. ಬಾಯಿ ಮುಚ್ಚಿಕೊಂಡ.

"ನಾನು ಈಗ ಏನು ತಗೊಂಡೆ?" ಜನರಲ್ ತನ್ನ ಭಾಷೆಯಲ್ಲಿ ಕೇಳಿದ. ಕೆಲೆರಾ ಚಾಪೆಯ ಅಂಚಿಗೆ ಬಂದು ಮೊಣಕಾಲೂರಿ, ಅವನ ಭಾಷೆಯಲ್ಲೇ, ಮಾವ ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದಳು. ಅವನ ನಗು ಸ್ವಲ್ಪ ಸ್ವಲ್ಪವಾಗಿ ಆರಿತು. ಹಲ್ಲನ್ನು ಕೆಳಗಿಡಲು ಜಾಗ ಹುಡುಕಿದ. ಹಾಗೆ ಇಡುವಂತಿಲ್ಲ ಎಂದು ಅವನಿಗೆ ಕಲಿಸಿದ್ದರು.

"ಯಾವತ್ತು ತರ್ತೀರಿ?" ಎಂದಳು.

"ನಮ್ಮ ಸರ್ಕಾರದ ಜೊತೆ ಮಾತಾಡಬೇಕಾಗತ್ತೆ."

"ನೂರನೇ ದಿನಕ್ಕೆ ಇನ್ನೂ ಇಪ್ಪತ್ತೊಂಬತ್ತು ದಿನ ಇದೆ. ಯಾವತ್ತು?"

ಅವನು ಕರ್ನಲ್ ಕಡೆ ನೋಡಿದ. ಕರ್ನಲ್ ಚಾಪೆ ನೋಡುತ್ತಿದ್ದ. ಜನರಲ್ ನೆಮಾನಿಯ ಕಡೆ ನೋಡಿದ. ಮುದುಕರು ಸೊಸೆಯ ಕಡೆ ತಿರುಗದೆ, ಖಾಲಿ ಚೀಲವನ್ನು ಮಡಿಲಲ್ಲಿ ನಾಲ್ಕು ಮಡಿಕೆ ಮಡಚುತ್ತಿದ್ದರು.

"ಅಷ್ಟರೊಳಗೆ," ಎಂದ ಜನರಲ್, ಗಂಟಲಲ್ಲೇ.

ಕೆಲೆರಾ ರೆಕಾರ್ಡರನ್ನು ಅವನ ಬಾಯಿಯ ಹತ್ತಿರಕ್ಕೆ ಒಯ್ದಳು.

"ಕೇಳಿಸಲಿಲ್ಲ. ಹೆಸರು, ಹುದ್ದೆ ಸೇರಿಸಿ ಇನ್ನೊಂದ್ಸಲ ಹೇಳಿ. ಗಟ್ಟಿಯಾಗಿ."