ರೂಪಳ ಎಡೆಗೆ ಉಪ್ಪು

ಅನಸೂಯಮ್ಮ ಆ ದಿನ ಮನೆ ಬಿಟ್ಟದ್ದೇ ತಪ್ಪು ಹುಡುಕಲು. ಹಾಗೆಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ಗಂಡ ಮುನಿಸ್ವಾಮಪ್ಪನ ಮುಂದೆ ಕೂಡ. ಮಹಾಲಯ ಅಮಾವಾಸ್ಯೆ, ಮಗಳು ರೂಪ ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಪಕ್ಷ. ಅಳಿಯನ ಮನೆಯಲ್ಲಿ ಎಡೆ ಇಡುತ್ತಾರೆ, ಹೆತ್ತವಳು ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದಷ್ಟೇ ಹೇಳಿ, ಹಸುಗಳನ್ನು ಗಂಡನಿಗೆ ಒಪ್ಪಿಸಿ, ಕಾಮಸಮುದ್ರದಲ್ಲಿ ಬಸ್ಸು ಹತ್ತಿದಳು. ಬಂಗಾರಪೇಟೆಯಲ್ಲಿ ಇಳಿದು ಕೆಜಿಎಫ್ ಬಸ್ಸಿಗೆ ಕಾಯುವಾಗಲೂ ತಲೆಯಲ್ಲಿ ಅದೇ ಓಡುತ್ತಿತ್ತು: ಆ ಹೊಸಬಳು ಏನು ಬೇಯಿಸಿಟ್ಟಿದ್ದಾಳೋ, ಹೇಗೆ ಬೇಯಿಸಿಟ್ಟಿದ್ದಾಳೋ.

ಹೊಸಬಳೆಂದರೆ ಸುಮಿತಾ, ಅಳಿಯ ಗಿರಿ ಈ ಬೇಸಿಗೆಯಲ್ಲಿ ಕಟ್ಟಿಕೊಂಡ ಎರಡನೆಯ ಹೆಂಡತಿ. ಮದುವೆಗೆ ಕರೆದಿದ್ದರು. ಅನಸೂಯಮ್ಮ ಮಂಡಿ ನೋವೆಂದು ಹೋಗಲಿಲ್ಲ. ಮಂಡಿ ನೋವು ಸುಳ್ಳೇನಲ್ಲ, ಆದರೆ ಅವತ್ತು ಅದೇ ಮಂಡಿಯಲ್ಲಿ ನಡೆದು ಹೊಲದಿಂದ ಹುಲ್ಲಿನ ಹೊರೆ ಹೊತ್ತು ತಂದಿದ್ದಳು. ಇವರ ಕಡೆ ಒಂದು ಪದ್ಧತಿ. ಎರಡನೆಯವಳು ಬಂದ ಮೇಲೆ ಮೊದಲನೆಯವಳ ಎಡೆಯ ಅಡುಗೆ ಅವಳ ಕೈಯಲ್ಲೇ ಆಗಬೇಕು. ಸತ್ತವಳು ಬಂದು, ತನ್ನ ಜಾಗಕ್ಕೆ ಬಂದವಳ ಕೈಯೂಟ ಉಂಡು, ಒಪ್ಪಿಕೊಂಡು ಹೋಗಬೇಕಂತೆ. ಯಾರು ಮಾಡಿದ ಪದ್ಧತಿಯೋ, ಹೆತ್ತವಳನ್ನು ಒಂದು ಮಾತು ಕೇಳಿ ಮಾಡಿದ್ದಂತೂ ಅಲ್ಲ.

ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ, ಚಿನ್ನದ ಗಣಿಯ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿಸಿದ್ದ ಹಳೆಯ ಲೈನ್ ಮನೆಗಳಲ್ಲಿ ಗಿರಿಯದೂ ಒಂದು. ಅವನು ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ವೈರಿಂಗ್ ಕೆಲಸ ಮಾಡಿ ಬರುವವನು. ಇವತ್ತು ರಜೆ ಹಾಕಿ, ಬಾಳೆ ಎಲೆ, ಹೂವು ತರಲು ಪೇಟೆಗೆ ಹೋಗಿದ್ದ. ಬಾಗಿಲಿಗೆ ಬಂದವಳು ಸುಮಿತಾ. ಕಾಲಿಗೆ ನೀರು ಕೊಟ್ಟಳು. "ಬನ್ನಿ ಅಮ್ಮಾ, ಬಿಸ್ಲಾಗೆ ಬಂದಿದೀರಾ, ಕುಂತ್ಕಳಿ" ಎಂದಳು. ಸತ್ತ ಸವತಿಯ ಹೆಸರಿಗೆ ಎರಡನೆಯವಳು ಹಾಕಿಕೊಳ್ಳಬೇಕಾದ ಪುಟ್ಟ ಬೊಟ್ಟನ್ನು, ರೂಪಳದನ್ನು, ತನ್ನ ತಾಳಿಯ ಪಕ್ಕದಲ್ಲಿ ಪೋಣಿಸಿಕೊಂಡಿದ್ದಳು. ಆ 'ಅಮ್ಮಾ' ಅನ್ನುವುದು ಅನಸೂಯಮ್ಮನ ಕಿವಿಗೆ ಚುರುಕ್ಕೆಂದಿತು. ಕೂರಲಿಲ್ಲ.

ನಡುಮನೆಯಲ್ಲಿ ಕುರ್ಚಿಯ ಮೇಲೆ ರೂಪಳ ಫೋಟೋ, ಎದುರಿಗೆ ಹೊಸ ಸೀರೆ, ಬಳೆ, ಅರಿಶಿನ, ಕುಂಕುಮ. ಫೋಟೋದ ಕಡೆ ನೋಡದೆ ಅನಸೂಯಮ್ಮ ನೆಟ್ಟಗೆ ಅಡುಗೆಮನೆಗೆ ನಡೆದಳು. ಒಲೆಯ ಮೇಲೆ ದಪ್ಪ ತಳದ ದೊಡ್ಡ ಪಾತ್ರೆ. ಮುಚ್ಚಳ ತೆಗೆದಳು. ತೆಳ್ಳನೆ ನೀರಿನಲ್ಲಿ ಒಂದಿಡೀ ಕುರಿ ತೊಡೆ, ಬೂದಿ ಬಣ್ಣಕ್ಕೆ ತಿರುಗಿ, ಮಲಗಿತ್ತು.

"ಏನಿದು?"

"ರೋಸ್ಟು ಅಮ್ಮಾ. ಅಕ್ಕಂಗೆ ಇದ್ರ ಮೇಲೆ ಪ್ರಾಣ ಅಂತ ಇವ್ರು ಏಳಿದ್ರು."

ಪ್ರಾಣವೇ ಹೌದು. ಮುನಿಸ್ವಾಮಪ್ಪ ಗಣಿಗೆ ಇಳಿಯುತ್ತಿದ್ದ ಕಾಲದಲ್ಲಿ ಇವರೂ ಇದೇ ಲೈನಿನಲ್ಲಿದ್ದವರು. ಪಕ್ಕದ ಮನೆಯ ಕೋದಂಡಪ್ಪ, ಗಣಿಯ ಸಾಹೇಬರ ಬಂಗಲೆಯಲ್ಲಿ ಅಡುಗೆಗಿದ್ದವನು. ಇಡೀ ತೊಡೆಯನ್ನು ತುಂಡು ಮಾಡದೆ ಪಾತ್ರೆಯಲ್ಲಿಟ್ಟು ರೋಸ್ಟ್ ಮಾಡುವುದನ್ನು ಅನಸೂಯಮ್ಮನಿಗೆ ಕಲಿಸಿದ್ದ. ಸಾಹೇಬರದು ಮೆಣಸು, ವಿನೆಗರ್. ಇವಳು ಅದಕ್ಕೆ ಚಕ್ಕೆ ಲವಂಗ, ಹಸಿಮೆಣಸಿನಕಾಯಿ ಸೇರಿಸಿ ತನ್ನದು ಮಾಡಿಕೊಂಡಳು. ಗಣಿ ಮುಚ್ಚಿ ಊರಿಗೆ ಹೋದ ಮೇಲೂ ವರ್ಷಕ್ಕೊಮ್ಮೆ, ಯುಗಾದಿಯ ಮಾರನೆಯ ದಿನ, ಮಾಡುತ್ತಿದ್ದಳು. ರೂಪ ಮೂಳೆಯನ್ನು ಕೈಯಲ್ಲಿ ಹಿಡಿದು, ಅಪ್ಪನಿಗೂ ಬಿಡದೆ, ಚೀಪುತ್ತಿದ್ದಳು.

ಅನಸೂಯಮ್ಮ ಚಾಕು ತೆಗೆದುಕೊಂಡು ತೊಡೆಗೆ ಚುಚ್ಚಿದಳು. ಮೂಳೆಯ ಹತ್ತಿರ ಕೆಂಪಗೆ ನೀರು ಜಿನುಗಿತು. ಹುಡುಕಿಕೊಂಡು ಬಂದದ್ದು ಇಷ್ಟು ಸಲೀಸಾಗಿ ಸಿಕ್ಕಿದ್ದಕ್ಕೆ ಅವಳಿಗೆ ಒಳಗೊಳಗೇ ಖುಷಿಯಾಯಿತು. ಆಗಲಿಲ್ಲ ಎಂದು ಹೇಳಿದರೆ ಅದು ಅವಳ ಪರವಾಗಿ ಆಡಿದ ಸುಳ್ಳಾಗುತ್ತದೆ.

"ಅಸಿ ಐತೆ. ಬೇಯ್ಸಕ್ಕೆ ಬರಲ್ಲ ಅಂದ್ರೆ ಬರಲ್ಲ ಅನ್ಬೇಕು. ಸತ್ತೋಳು ಎದ್ದು ಬಂದು ಕೇಳ್ತಾಳಾ ಅಂತ ಇಂಗೆ ಮಾಡಿ ಇಕ್ಬುಡಾದಾ?"

ಸುಮಿತಾ ತಲೆ ತಗ್ಗಿಸಿದಳು. "ನಮ್ಮೂರ ಕಡೆ ತುಂಡು ಮಾಡಿ ಸಾರು ಮಾಡಾದೇ ಗೊತ್ತು ಅಮ್ಮಾ. ಇಡೀದು ಯಾವತ್ತೂ ಮಾಡಿಲ್ಲ. ಬೆಳಗ್ಗಿಂದ ಕುದೀತಾನೆ ಐತೆ."

"ನೀರಲ್ಲಿ ಮುಳುಗ್ಸಿದ್ರೆ ಕುದೀತೈತೆ, ಬೇಯಲ್ಲ."

ಅಷ್ಟು ಹೇಳಿ ವಾಪಸ್ ಹೊರಟುಬಿಡಬಹುದಿತ್ತು. ಎಡೆ ಕೆಟ್ಟದ್ದು ನಾಳೆ ಲೈನಿಗೆಲ್ಲ ಗೊತ್ತಾಗುತ್ತಿತ್ತು. ಆದರೆ ಈ ಹಸಿ ಮಾಂಸ ಹೋಗುವುದು ರೂಪಳ ಎಲೆಗೆ. ಅನಸೂಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ತೊಡೆಯನ್ನು ಎತ್ತಿ ತಟ್ಟೆಗೆ ಹಾಕಿ, ಮೂಳೆಯ ಗುಂಟ ಉದ್ದಕ್ಕೆ ಸೀಳಿ, ದಪ್ಪ ಹೋಳುಗಳಾಗಿ ಬಿಡಿಸಿ ಮೂಳೆಗೆ ಅಂಟಿದಂತೆಯೇ ಉಳಿಸಿದಳು. ಬೆಂದ ನೀರನ್ನು ಬೇರೆ ಬಸಿದಿಟ್ಟಳು. ಪಾತ್ರೆ ಒರೆಸಿ, ಎಣ್ಣೆ ಕಾಯಿಸಿ, ಮಾಂಸವನ್ನು ಮಗ್ಗಲು ಮಗ್ಗಲಿಗೆ ತಿರುವುತ್ತ ಕಂದು ಬರುವವರೆಗೆ ಹುರಿದಳು. ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ, ಜಜ್ಜಿದ ಮೆಣಸು ಬಿದ್ದವು. ಬಸಿದ ನೀರಿನಲ್ಲಿ ಒಂದೇ ಲೋಟ ಹಾಕಿ, ಮುಚ್ಚಳ ಮುಚ್ಚಿ, ಆವಿ ಹೋಗದಂತೆ ಅದರ ಮೇಲೆ ರುಬ್ಬುಗುಂಡು ಇಟ್ಟಳು. ಸುಮಿತಾ ಕೇಳಿದ್ದನ್ನೆಲ್ಲ ಕೈಗೆ ಕೊಡುತ್ತ ಪಕ್ಕದಲ್ಲೇ ನಿಂತಿದ್ದಳು.

"ಉಪ್ಪು ಎಷ್ಟು ಆಕಿದ್ದೆ ಮೊದ್ಲು?" ಅನಸೂಯಮ್ಮ ಅವಳ ಮುಖ ನೋಡದೆ ಕೇಳಿದಳು.

"ಉಪ್ಪಾಕಿಲ್ಲ ಅಮ್ಮಾ."

"ಮರ್ತ್ಯಾ?"

"ಮರೀಲಿಲ್ಲ. ಅಕ್ಕಂಗೆ ಉಪ್ಪಾಗಲ್ಲ ಅಂತ ಇವ್ರು ಏಳಿದ್ರಲ್ಲ. ಉಪ್ಪು ಬಿದ್ರೆ ಮೈಯೆಲ್ಲ ಊದ್ಕತಿತ್ತಂತೆ, ಉಸ್ರಾಡಕ್ಕೆ ಆಗ್ತಿರ್ಲಿಲ್ವಂತೆ. ಅದ್ಕೇ ಅಕ್ಕಂದು ಎಲ್ಲಾ ಬ್ಯಾರೆ ಮಾಡಿದೀನಿ. ಸಾರು, ಪಲ್ಯ, ಯಾವುದ್ಕೂ ಆಕಿಲ್ಲ."

ಅನಸೂಯಮ್ಮ ಒಲೆಯ ಮುಂದೆ ಹಾಗೇ ಕೂತುಬಿಟ್ಟಳು. ಈ ಹುಡುಗಿ ಸೋಮಾರಿಯಲ್ಲ, ಮರೆಗುಳಿಯಲ್ಲ, ಕೆಟ್ಟವಳೂ ಅಲ್ಲ. ಮುಖವನ್ನೇ ನೋಡದ ಸವತಿಗೆ ತೊಂದರೆಯಾದೀತೆಂದು ಹೆದರಿ ಉಪ್ಪು ಬಿಟ್ಟಿದ್ದಾಳೆ.

"ಸತ್ ಮೇಲೂ ಪಥ್ಯಾನೇನಮ್ಮಾ ನನ್ ಮಗ್ಳಿಗೆ?" ಎಂದಳು ಕೊನೆಗೆ.

ರೂಪಳ ಎರಡೂ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಅನಸೂಯಮ್ಮ ಈ ಮನೆಗೇ ಬಂದು ಉಳಿದಿದ್ದಳು. ಡಾಕ್ಟರು ಉಪ್ಪು ಬೇಡ ಎಂದರು, ಮಾಂಸ ಬೇಡ ಎಂದರು. ಗಿರಿ ಒಮ್ಮೊಮ್ಮೆ ಹೆಂಡತಿಯ ಮುಖ ನೋಡಲಾರದೆ ಕರಗಿಬಿಡುತ್ತಿದ್ದ, ತಾಯಿ ಕರಗಲಿಲ್ಲ. ಉಪ್ಪಿನ ಭರಣಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಒಂದು ಸಲ ರೂಪ ಯಾರದೋ ಮನೆಯಿಂದ ಮಾವಿನಕಾಯಿ ಉಪ್ಪಿನಕಾಯಿ ತಂದು ಬಚ್ಚಲಿನಲ್ಲಿ ಕೂತು ತಿನ್ನುತ್ತಿದ್ದಾಗ, ಮೂವತ್ತರ ಹತ್ತಿರದ ಮಗಳ ಬಾಯಿಗೆ ಬೆರಳು ಹಾಕಿ ಹೋಳನ್ನು ಹೊರಗೆ ಎಳೆದಿದ್ದಳು. ರೂಪ ಅಳಲಿಲ್ಲ. "ಯುಗಾದಿಗಾದ್ರೂ ರೋಸ್ಟ್ ಮಾಡ್ಕೊಡಮ್ಮಾ, ಒಂದೇ ತುಂಡು, ಉಪ್ಪಾಕಿ" ಎಂದಳು. "ವಾಸಿ ಆಗ್ಲಿ, ಇಡೀ ತೊಡೆ ನಿಂಗೇ ಮಾಡಿಕ್ತೀನಿ" ಎಂದಿದ್ದಳು ತಾಯಿ. ಯುಗಾದಿಗೆ ಮೊದಲೇ ಎಲ್ಲ ಮುಗಿದಿತ್ತು.

ಪಾತ್ರೆಯೊಳಗೆ ಮಾಂಸ ಸಣ್ಣಗೆ ಸದ್ದು ಮಾಡುತ್ತ ಬೇಯುತ್ತಿತ್ತು. ಗುಂಡು ಇಳಿಸಿ ಚುಚ್ಚಿ ನೋಡಿದಳು. ಚಾಕು ಸಲೀಸಾಗಿ ಇಳಿಯಿತು. ಹಸಿ ಹೋಗಿತ್ತು. ಇನ್ನು ಉಪ್ಪು. ಅನಸೂಯಮ್ಮ ಭರಣಿಗೆ ಕೈ ಹಾಕಿ ಒಂದು ಚಿಟಿಕೆ ತೆಗೆದಳು. ಹಾಕಿದಳು. ಎಷ್ಟಾಯಿತೆಂದು ಗೊತ್ತಾಗಬೇಕಾದರೆ ರುಚಿ ನೋಡಬೇಕು, ಎಡೆಯ ಅಡುಗೆಯನ್ನು ರುಚಿ ನೋಡುವಂತಿಲ್ಲ. ಸತ್ತವರಿಗಿಂತ ಮೊದಲು ಬದುಕಿರುವವರ ನಾಲಿಗೆ ಸೋಕಿದರೆ ಅದು ಎಂಜಲು.

"ಅಗಿದು ತುತ್ತಿಕ್ಕಿ ಬೆಳ್ಸಿದೋಳು ನಾನು. ನನ್ ಎಂಜ್ಲು ಅವ್ಳಿಗೆ ಎಂಜ್ಲಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ಸೌಟಿನ ಗಸಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

ಉಪ್ಪು ಕಡುವಾಗಿ ನಾಲಿಗೆಗೆ ಹೊಡೆಯಿತು. ಒಂದು ಚಿಟಿಕೆಗೆ ಇಷ್ಟೊಂದೆ? ಮತ್ತೊಮ್ಮೆ ನೆಕ್ಕಿದಳು. ಆಗ ಹೊಳೆಯಿತು. ಮಗಳ ಜೊತೆಗಿರಲೆಂದು ತಾನೂ ಸಪ್ಪೆಯನ್ನೇ ಉಂಡವಳು ಅವಳು, ಮಗಳು ಹೋದ ಮೇಲೂ ಬಿಟ್ಟಿರಲಿಲ್ಲ. ಹರಕೆಯೇನಲ್ಲ, ಉಪ್ಪಿನ ಕಡೆ ಕೈ ಹೋಗುತ್ತಿರಲಿಲ್ಲ, ಅಷ್ಟೇ. ಮುನಿಸ್ವಾಮಪ್ಪ ತನ್ನ ತಟ್ಟೆಗೆ ತಾನೇ ಹಾಕಿಕೊಂಡು ಸುಮ್ಮನೆ ಉಣ್ಣುತ್ತಿದ್ದ. ಹೀಗಾಗಿ ಅವಳ ನಾಲಿಗೆಗೆ ಈಗ ಹದ ತಿಳಿಯುತ್ತಿರಲಿಲ್ಲ. ಮಗಳಿಗೆ ಉಪ್ಪು ಹಾಕಿ ಕೊಡುತ್ತೇನೆಂದವಳಿಗೆ ಉಪ್ಪೆಷ್ಟೆಂದೇ ಗೊತ್ತಿಲ್ಲ.

ಪಕ್ಕದಲ್ಲಿ ಸುಮಿತಾ ನಿಂತಿದ್ದಳು. ಅನಸೂಯಮ್ಮ ಅವಳನ್ನು ನೋಡಿದಳು, ಮುಖ ತಿರುಗಿಸಿದಳು, ಮತ್ತೆ ನೋಡಿದಳು. ಮಗಳ ಮನೆ ಇವಳದಾಯಿತು, ಗಂಡ ಇವಳವನಾದ, ಈಗ ಮಗಳ ಎಡೆಗೂ ಮೊದಲ ಬಾಯಿ ಇವಳದೇ ಆಗಬೇಕೆ? ಆದರೆ ಕಣ್ಣು ಮುಚ್ಚಿದರೆ ಬಚ್ಚಲಿನಲ್ಲಿ ಕೂತ ರೂಪ.

"ನೀನು ರುಚಿ ನೋಡು" ಎಂದು ಸೌಟು ಮುಂದೆ ಮಾಡಿದಳು.

ಸುಮಿತಾ ಬೆಚ್ಚಿ ಹಿಂದೆ ಸರಿದಳು. "ಅಯ್ಯೋ, ಬ್ಯಾಡ ಅಮ್ಮಾ. ಎಡೇದು. ಅದೂ ನಾನು... ನಾನು ಮುಟ್ಟಿದ್ರೆ ಅಕ್ಕ ತಿಂತಾರಾ?"

"ತಿಂತಾಳೋ ಬಿಡ್ತಾಳೋ, ಸಪ್ಪೆ ಮಾತ್ರ ಬ್ಯಾಡ. ಆ ಸಪ್ಪೆ ತಿಂದೂ ತಿಂದೂನೇ ಓದ್ಲು ಅವ್ಳು. ನೋಡು."

ಸುಮಿತಾ ಅಂಗೈ ಒಡ್ಡಿದಳು. ನೆಕ್ಕಿ, ಹೆದರುತ್ತ ಹೆದರುತ್ತ, "ಏನೂ ಸಾಲ್ದು ಅಮ್ಮಾ" ಎಂದಳು.

ಅನಸೂಯಮ್ಮ ಇನ್ನೊಂದು ಚಿಟಿಕೆ ಹಾಕಿದಳು. ಸಾಲದು. ಮತ್ತೊಂದು. ಇನ್ನೂ ಸಾಲದು. ಆಮೇಲೆ ಅವಳ ಕೈ ಭರಣಿಯ ಮೇಲೆ ನಿಂತೇಹೋಯಿತು. ಎರಡು ವರ್ಷ ಮಗಳಿಗೆ ಸಿಗದಂತೆ ಉಪ್ಪನ್ನು ಕಾದ ಕೈ ಅದು, ಇನ್ನು ಹಾಕು ಎಂದರೆ ಕೇಳುತ್ತಿರಲಿಲ್ಲ. ಭರಣಿಯನ್ನು ಎತ್ತಿ ಸುಮಿತಾಳ ಕೈಗೆ ಕೊಟ್ಟಳು.

"ನೀನೇ ಆಕು ಮಗಾ. ನನ್ ಕೈಯಾಗಾಗಲ್ಲ."

ಸುಮಿತಾ ಹದ ನೋಡಿ ಹಾಕಿದಳು. ಸಾರಿಗೆ ಹಾಕಿದಳು, ಪಲ್ಯಕ್ಕೆ ಹಾಕಿದಳು, ಒಂದೊಂದನ್ನೂ ಅಂಗೈಗೆ ಬಿಟ್ಟುಕೊಂಡು ನೋಡಿದಳು. ಅಷ್ಟರಲ್ಲಿ ಗಿರಿ ಎಲೆ, ಹೂವು ಹಿಡಿದು ಒಳಗೆ ಬಂದ. ಹೆಂಡತಿ ಎಡೆಯ ಅಡುಗೆ ನೆಕ್ಕುವುದನ್ನೂ ಅತ್ತೆ ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುವುದನ್ನೂ ಕಂಡು, "ಅತ್ತೆ, ಇದೇನು..." ಎಂದು ಶುರು ಮಾಡಿದ.

"ಸುಮ್ಕೆ ಎಲೆ ತೊಳ್ಯೋ ಗಿರಿ" ಎಂದಳು ಅನಸೂಯಮ್ಮ. ಅವನು ತೊಳೆದ.

ಫೋಟೋದ ಮುಂದೆ ಎಲೆ ಹಾಸಿ ಬಡಿಸಿದರು. ಅನ್ನ, ಸಾರು, ಪಲ್ಯ, ನಡುವೆ ಮೂಳೆಯ ಸಮೇತ ರೋಸ್ಟ್. ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮೂವರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡರು. ಸತ್ತವರು ಬದುಕಿರುವವರ ಮುಂದೆ ಉಣ್ಣಲು ನಾಚುತ್ತಾರಂತೆ, ಸ್ವಲ್ಪ ಹೊತ್ತು ಬಿಟ್ಟುಕೊಡಬೇಕು. ಗಿರಿ ರಸ್ತೆಯ ಕಡೆ ನಿಂತ. ಹೆಂಗಸರಿಬ್ಬರು ಮೆಟ್ಟಿಲ ಮೇಲೆ ಕೂತರು. ದೂರದಲ್ಲಿ ಗಣಿಯ ಮಣ್ಣಿನ ದಿಬ್ಬಗಳ ಮೇಲೆ ಬಿಸಿಲು ಹಳದಿಯಾಗುತ್ತಿತ್ತು. ಅನಸೂಯಮ್ಮ ಕಿವಿಯನ್ನೆಲ್ಲ ಬಾಗಿಲಿಗೆ ಕೊಟ್ಟಿದ್ದಳು. ಎಲೆ ಸರಿದ ಸದ್ದು, ಬಳೆ ಸದ್ದು, ಏನಾದರೂ ಒಂದು. ಅವಳಿಗೆ ನಿಜವಾಗಿಯೂ ನಂಬಿಕೆಯಿತ್ತು.

ಗಿರಿ ಬಾಗಿಲು ತಟ್ಟಿ ತೆರೆದ. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಅನ್ನದ ಮೇಲಿನ ಆವಿ ಹೋಗಿತ್ತು, ಅಷ್ಟೇ ವ್ಯತ್ಯಾಸ.

ಎಡೆಯನ್ನು ಹೆತ್ತವಳಿಗೇ ಬಡಿಸಬೇಕೆಂದು ಸುಮಿತಾ ಆ ಎಲೆಯನ್ನೇ ಅವಳ ಮುಂದೆ ಎಳೆದಳು. ಅನಸೂಯಮ್ಮ ಮೂಳೆಯಿಂದ ಒಂದು ಎಳೆ ಬಿಡಿಸಿ ಬಾಯಿಗಿಟ್ಟಳು. ಉಪ್ಪು ಮೊದಲು ಉರಿಯಿತು. ಆಮೇಲೆ ಮೆಣಸು ಬಂತು, ಲವಂಗ ಬಂತು, ಮಾಂಸ ಹಲ್ಲಿಗೆ ಸಿಕ್ಕದೆ ಕರಗಿತು. ಚೆನ್ನಾಗಿತ್ತು. ಎಷ್ಟೋ ದಿನಗಳ ಮೇಲೆ ಬಾಯಿಗೆ ರುಚಿ ಹತ್ತಿತ್ತು, ನಾಲಿಗೆ ನಾಚಿಕೆಯಿಲ್ಲದೆ ಇನ್ನೊಂದು ತುತ್ತು ಕೇಳುತ್ತಿತ್ತು. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಇದನ್ನು ತಿನ್ನಬೇಕಿದ್ದ ಬಾಯಿ ಮಣ್ಣಾಗಿ ವರ್ಷವಾಯಿತು, ರುಚಿ ಗೊತ್ತಾಗುತ್ತಿರುವುದು ತನಗೆ. ಎಲೆಯ ಮೇಲೆ ಬಗ್ಗಿ ಅವಳು ದನಿ ತೆಗೆದು ಅತ್ತಳು, ಮಗಳು ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಸುಮಿತಾ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅನಸೂಯಮ್ಮ ಆ ಕೈಯನ್ನು ಸರಿಸಲಿಲ್ಲ.

"ಉಪ್ಪು ಸರ್ಯಾಗಿ ಐತೆ ಮಗಾ" ಎಂದಳು, ಬಾಯಲ್ಲಿ ತುತ್ತಿರುವಾಗಲೇ. "ಅವ್ಳಿಗೆ ಇಷ್ಟೇ ಬೇಕಾಗಿತ್ತು."